ಒಂಬತ್ತು ಮೀನಿಗೆ ಒಂದಚ್ಚು ಬೆಲ್ಲ

ನಮ್ಮ ಭಾವ ವಿಶ್ವನಾಥ್ ಅವರಿಗೆ ಅಜ್ಜಂಪುರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಸುತ್ತಲ ಹಳ್ಳಿಗಳಿಂದ ಟೆಂಪೋದಲ್ಲಿ ಬರುತ್ತವೆ. ಇವರು ದಿನವಿಡೀ ತಾಮ್ರದ ತಂತಿ ಸುತ್ತುತ್ತಾ ಕೂರುತ್ತಾರೆ. ಮಾತು ಬಹಳ ಕಡಿಮೆ. ನಾನು ಅವರ ತಮ್ಮನನ್ನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ನನ್ನ ಮೇಲೇ ಏನೋ ಬೇಸರವಿರಬೇಕು ಅಂದುಕೊಂಡಿದ್ದೆ. ಭಾವನ ಹೆಂಡತಿ ತನುಜಕ್ಕ ನಕ್ಕುಬಿಟ್ಟರು.

"ಅಯ್ಯೋ, ನನ್ ಹತ್ರಾನೂ ಹಂಗೇ ಕಣೇ ಭವ್ಯ. ಅವ್ರು ಬಾಯ್ಬಿಡೋದು ಮೋಟಾರ್ ಹತ್ರ ಮಾತ್ರ. ಅದೂ ಸುಟ್ಟೋಗಿದ್ರೆ!"

ತನುಜಕ್ಕನ ತೌರು ಯಗಟಿ. ರಾಗಿ ಹೊಲ, ಕುರಿಮಂದೆ ನೋಡಿಕೊಂಡು ಬೆಳೆದವರು. ಮದುವೆಯಾದ ವರ್ಷ ಭಾವ ಅವರನ್ನು ಸಮುದ್ರ ತೋರಿಸಲು ಕಾರವಾರಕ್ಕೆ ಕರೆದೊಯ್ದಿದ್ದರಂತೆ. ಅಕ್ಕನಿಗೆ ಸಮುದ್ರಕ್ಕಿಂತ ಹಿಡಿಸಿದ್ದು ಅಲ್ಲಿ ಕಂಡ ಒಂದು ಗಾಜಿನ ತೊಟ್ಟಿ. ಹವಳಗಳ ನಡುವೆ ಬೆರಳುದ್ದದ ತಿಳಿಹಸಿರು ಮೀನುಗಳ ಗುಂಪು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು. ತಿರುಗುವಾಗ ಇಡೀ ಗುಂಪು ರೇಷ್ಮೆ ಸೆರಗಿನ ಹಾಗೆ ಹೊಳೆಯುತ್ತಿತ್ತಂತೆ. ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡ ಕಥೆಯನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದರೋ.

ಭಾವ ಆಗಲೂ ಏನೂ ಹೇಳಲಿಲ್ಲವಂತೆ. ಆದರೆ ಸ್ವಲ್ಪ ಕಾಲದಲ್ಲೇ ಪಡಸಾಲೆಯ ಗೋಡೆ ಪಕ್ಕ ದೊಡ್ಡದೊಂದು ಗಾಜಿನ ತೊಟ್ಟಿ ಬಂತು. ಪಂಪು, ದೀಪ ಎಲ್ಲ ಅವರೇ ಜೋಡಿಸಿದರು. ಸಮುದ್ರದ ಉಪ್ಪು ತರಿಸಿ ನೀರಿಗೆ ಬೆರೆಸಿದರು. ಮೊದಲು ಕಲ್ಲು, ಆಮೇಲೆ ಗುಂಡಿಯಷ್ಟು ಅಗಲದ ಹವಳದ ತುಣುಕುಗಳು. ಮೀನು ಮಾತ್ರ ಬರಲಿಲ್ಲ. ಕೇಳಿದರೆ, "ನೀರು ಇನ್ನೂ ಹದಕ್ಕೆ ಬಂದಿಲ್ಲ."

"ನಿಮ್ ನೀರು ಹದಕ್ಕೆ ಬರೋ ಹೊತ್ಗೆ ನಾನು ಮುದ್ಕಿ ಆಗಿರ್ತೀನಿ ಕಣ್ರೀ," ಎನ್ನುತ್ತಿದ್ದರು ಅಕ್ಕ.

ಅತ್ತೆ ಗುರುಶಾಂತಮ್ಮನವರದು ಇನ್ನೊಂದು ಹಾಡು. "ಊರೋರು ಹಸು ಸಾಕ್ತಾರೆ, ಎಮ್ಮೆ ಸಾಕ್ತಾರೆ. ನನ್ ಮಗ ಉಪ್ಪುನೀರು ಸಾಕ್ಕೊಂಡವ್ನೆ."

ಅಕ್ಕ ಮುದುಕಿಯಾಗಲಿಲ್ಲ. ಹೊಟ್ಟೆನೋವೆಂದು ಶುರುವಾದದ್ದು ಶಿವಮೊಗ್ಗದ ಆಸ್ಪತ್ರೆಯವರೆಗೆ ಹೋಯಿತು. ಇನ್ನೇನೂ ಮಾಡಲಾಗದೆಂದು ಅಲ್ಲಿಂದ ವಾಪಸ್ ಮನೆಗೆ ಕಳಿಸಿಬಿಟ್ಟರು. ಕೊನೆಯ ದಿನ ಅಕ್ಕ ಗಂಜಿ ಕೇಳಿದರು. ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಚಮಚ ಕುಡಿಸಿದರು. ಅದೇ ಸಂಜೆ ಪ್ರಾಣ ಹೋಯಿತು. ಗಂಜಿಗೂ ಸಾವಿಗೂ ಸಂಬಂಧವಿಲ್ಲ ಅಂತ ಡಾಕ್ಟರೇ ಹೇಳಿದರೂ ಅತ್ತೆಯ ತಲೆಗೆ ಹೋಗಲಿಲ್ಲ.

"ನನ್ ಕೈಗುಣ ಕಣವ್ವ. ನಾನ್ ಕೊಟ್ಟಿದ್ದು ಯಾರಿಗೂ ದಕ್ಕಲ್ಲ."

ಆಮೇಲೆ ಅವರು ಯಾರಿಗೂ ತಮ್ಮ ಕೈಯಾರೆ ಏನೂ ಕೊಡಲಿಲ್ಲ. ನನ್ನ ಮಗಳು ಇಂಚರ ಅಜ್ಜಿಯ ಕೈತುತ್ತು ಬಿಟ್ಟು ಬೇರೆ ಉಣ್ಣದ ಮಗು. ಅದು ಬಾಯಿ ತೆರೆದು ಮುಂದೆ ನಿಂತರೂ, "ನಿಮ್ಮಮ್ಮನ ಹತ್ರ ಹೋಗು," ಎಂದು ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು.

ಅಕ್ಕನ ವರ್ಷದ ಶಿವಗಣಾರಾಧನೆ ಮುಗಿದ ಮೇಲೆ, ಒಂದು ಭಾನುವಾರ ಭಾವ ಬೆಂಗಳೂರಿನಿಂದ ರೈಲಿನಲ್ಲಿ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂಬತ್ತು ಮೀನು. ಅದೇ ತಿಳಿಹಸಿರು.

ಚೀಲವನ್ನು ಮೊದಲು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟರು, ಬಿಸಿ-ತಂಪು ಒಂದಾಗಲಿ ಅಂತ. ಆಮೇಲೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಇಳಿಸಿದರು.

"ಒಂದೇ ಸಲ ಬಿಟ್ರೆ ತಡೆಯಲ್ಲ. ಡ್ರಿಪ್ ಥರ ಇಳೀಬೇಕು," ಅಂದವರು, ಆ ಮಾತಿಗೆ ತಾವೇ ಬೆಚ್ಚಿದವರಂತೆ ಕೊಳವೆ ಕೈಬಿಟ್ಟರು. ಕೊಳವೆ ನಾನು ಹಿಡಿದುಕೊಂಡೆ.

ತೊಟ್ಟಿಗೆ ಬಿಟ್ಟಾಗ ಮೀನುಗಳು ಕಲ್ಲಿನ ಸಂದಿಗೆ ಓಡಿದವು. ಎಷ್ಟೋ ಹೊತ್ತು ಕಾದ ಮೇಲೆ ಒಂದು ಹೊರಗೆ ಬಂತು, ಹಿಂದೆಯೇ ಉಳಿದವು. ಹವಳದ ಮೇಲಕ್ಕೆ ಬಂದು, ಗಾಜಿನ ಹತ್ತಿರ ಒಂಬತ್ತೂ ಒಟ್ಟಿಗೆ ಹೊರಳಿದವು.

"ತಿರುಗಿದ್ವು," ಅಂದರು ಭಾವ. ಅಷ್ಟೇ. ಅಂಗಡಿ ಮುಂದೆ ಯಾರೋ ಮೋಟಾರ್ ಇಳಿಸಿ ಕಾಯುತ್ತಿದ್ದಾರೆಂದು ಹೊರಟುಹೋದರು.

ಸಂಜೆ ನೀರು ತುಸು ಮಬ್ಬಾಗಿತ್ತು. ಮರಳು ಕದಡಿರಬೇಕು ಅಂದುಕೊಂಡೆ. ನನ್ನ ಗಮನ ಬೇರೆ ಕಡೆ ಇತ್ತು. ಅಡುಗೆಮನೆ ಬಾಗಿಲಲ್ಲಿ ಅತ್ತೆ ಇಂಚರಳನ್ನು ಮುಂದೆ ಕೂರಿಸಿಕೊಂಡು ಅನ್ನ-ಸಾರು ಕಲಸಿ ತುತ್ತಿಡುತ್ತಿದ್ದರು. ಅಕ್ಕ ಹೋದ ಮೇಲೆ ಅದೇ ಮೊದಲು. ಮಾತಾಡಿಸಿದರೆ ನಿಲ್ಲಿಸಿಬಿಟ್ಟಾರೆಂದು ನಾನು ಸದ್ದಿಲ್ಲದೆ ಹಿತ್ತಲಿಗೆ ನಡೆದೆ.

ಬೆಳಿಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಎಂಟು ಮೀನು ಸತ್ತಿದ್ದವು. ಪಂಪಿನ ನೀರು ಚಿಮ್ಮುವ ಮೂಲೆಯಲ್ಲಿ ಒಂದು ಮಾತ್ರ ಬಾಯಿ ತೆರೆದು ಮುಚ್ಚುತ್ತಾ ಇತ್ತು. ಭಾವ ತೋಳು ಮುಳುಗಿಸಿ ಒಂದೊಂದನ್ನೇ ಎತ್ತಿ ಸ್ಟೀಲ್ ತಟ್ಟೆಗೆ ಇಡುತ್ತಿದ್ದರು.

ಅತ್ತೆ ಬಾಗಿ ನೋಡಿದರು. "ಅಯ್ಯೋ ಶಿವನೇ, ಏನಾಯ್ತೋ ವಿಶ್ವ? ನೀನತ್ಲಾಗೆ ಹೋದ್ಮೇಲೆ ನಾನೇ ಬೆಲ್ಲ ಕೊಟ್ಟಿದ್ನಲ್ಲೋ. ಅಷ್ಟು ದೂರದಿಂದ ದಣ್ದು ಬಂದವು. ನೀರಂತೂ ಅದ್ರಲ್ಲೇ ಐತೆ. ಒಂಬತ್ ಜನಕ್ಕೆ ಒಂದಚ್ಚಾದ್ರೂ ಬೇಡ್ವಾ ಅಂತ ಒಳಗ್ ಬಿಟ್ಟೆ. ಸಂಜೆ ತಂಕ ಚೆನ್ನಾಗೇ ಓಡಾಡ್ಕೊಂಡಿದ್ವು, ನನ್ ಕೈದೂ ದಕ್ತು ಅಂದ್ಕೊಂಡೆ."

ನಮ್ಮ ಮನೆಗೆ ಯಾರೇ ಬರಲಿ, ಮೊದಲು ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಆಮೇಲೆಯೇ ಬಂದ ಕೆಲಸದ ಮಾತು.

ಭಾವನ ಕೈ ನೀರಿನೊಳಗೇ ನಿಂತಿತು. ನಾನು ಅವರ ಮುಖ ನೋಡಿದೆ. ಈಗ ಸಿಡಿಯುತ್ತಾರೆ ಅಂದುಕೊಂಡೆ.

"ರೈಲಲ್ಲಿ ಕುಲುಕಾಟ ಜಾಸ್ತಿ ಆಯ್ತು ಕಣವ್ವ," ಅಂದರು. "ಬರ್ವಾಗ್ಲೇ ಸೋತಿದ್ವು. ನಿನ್ ಬೆಲ್ಲದಿಂದ್ಲೇ ರಾತ್ರಿ ತಂಕ ಇದ್ವು."

"ಹಂಗಾರೆ ಇನ್ನೊಂದಚ್ಚು ಹಾಕ್ಬೇಕಿತ್ತು," ಎಂದು ಅತ್ತೆ ಕಣ್ಣೊರೆಸಿಕೊಂಡರು.

ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಮೀನು ಹೂಳುವಾಗ ಭಾವ ನನಗೆ ಹೇಳಿದರು: ಸಿಹಿ ಬಿದ್ದರೆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಒಂದಕ್ಕೆ ಸಾವಿರವಾಗಿ, ಮೀನಿನ ಪಾಲಿನ ಉಸಿರನ್ನೆಲ್ಲ ಕುಡಿದುಬಿಡುತ್ತವಂತೆ. ಬೇಸಿಗೆಯಲ್ಲಿ ಮುಚ್ಚಿಟ್ಟ ದೋಸೆ ಹಿಟ್ಟು ಉಕ್ಕುವುದು ನೆನಪಾಗಿ ನನಗೆ ಅರ್ಥವಾಯಿತು.

"ಭಾವ, ಅತ್ತೆಗೆ ನಿಧಾನಕ್ಕೆ ತಿಳಿಸಿ ಹೇಳೋಣ. ಇಲ್ಲಾ ತೊಟ್ಟಿಗೊಂದು ಮುಚ್ಚಳ ಮಾಡಿಸಿ ಬೀಗ ಹಾಕಿ. ಮತ್ತೆ ತಂದ್ರಾಯ್ತು."

"ಬೀಗ ನೋಡಿದ್ರೆ ಯಾಕೆ ಅಂತಾಳೆ." ಮಣ್ಣನ್ನು ಕೈಯಿಂದಲೇ ಒತ್ತಿದರು. "ಗೊತ್ತಾದ್ರೆ ಇಂಚರಂಗೂ ತುತ್ತಿಡಲ್ಲ ಅವ್ಳು. ಬ್ಯಾಡ ಕಣಮ್ಮ. ಇನ್ ಮೀನೇ ಬ್ಯಾಡ."

ತನುಜಕ್ಕನಿಗೋಸ್ಕರ ಅಷ್ಟು ವರ್ಷ ಹದ ಮಾಡಿದ ನೀರು. ನಾನು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ನಡೆದೆ.

ನೀರು ಬದಲಾಯಿಸಿ ಬದಲಾಯಿಸಿ ತಿಳಿಯಾಗಿಸಿದರು. ಹವಳಗಳಲ್ಲಿ ಹಲವು ಉಳಿದವು. ಉಳಿದ ಒಂದು ಮೀನು ಮಾತ್ರ ಮೂಲೆ ಬಿಟ್ಟು ಬರಲಿಲ್ಲ. ಹಾಕಿದ್ದನ್ನು ತಿನ್ನಲೂ ಇಲ್ಲ. ಗುಂಪಿನಲ್ಲಿ ಬಾಳುವ ಜೀವ, ಒಂಟಿಯಾಗಿ ಸೊರಗುತ್ತದೆ ಅಂದರು ಭಾವ. ಅಂಗಡಿಯವರಿಗೆ ಫೋನ್ ಮಾಡಿ, ಅದನ್ನು ವಾಪಸ್ ಅವರ ತೊಟ್ಟಿಯ ಗುಂಪಿಗೆ ಬಿಡಲು ಒಪ್ಪಿಸಿದರು.

ಪೆಟ್ಟಿಗೆ ಹಿಡಿದು ಹೊರಟಾಗ ಅತ್ತೆ ಬಾಗಿಲಲ್ಲಿ ತಡೆದರು. "ಎಲ್ಲಿಗೋ ಅದ್ನ ಕರ್ಕೊಂಡೋಗ್ತಿದ್ದೀಯ?"

"ತೌರಿಗೆ ಬಿಟ್ಬತ್ತೀನಿ ಅವ್ವ. ಒಬ್ಳೇ ಇರಕ್ಕಾಗಲ್ಲ ಅದ್ಕೆ."

ಅತ್ತೆ ಒಳಗೆ ಹೋಗಿ ಬಂದರು. ಪೇಪರಿನಲ್ಲಿ ಸುತ್ತಿದ ಬೆಲ್ಲ. "ಬರಿಗೈಲಿ ಕಳಿಸ್ತಾರೇನೋ? ಅಲ್ಲಿ ಮುಟ್ಟಿದ್ಮೇಲೆ ಕೊಡು. ಮರೀಬ್ಯಾಡ."

"ಆಯ್ತು," ಎಂದು ಭಾವ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಮಾರನೆಯ ದಿನ ಅವರು ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು, "ಕೊಟ್ಯಾ?"

"ಕೊಟ್ಟೆ. ತಿಂತು."

ಅತ್ತೆಯ ಮುಖ ಅರಳಿತು. ಅಡುಗೆಮನೆಯಲ್ಲಿ ಬಾಯಿ ತೆರೆದು ಕಾಯುತ್ತಿದ್ದ ಇಂಚರಳ ಹತ್ತಿರ ಹೋದರು. ಭಾವ ಮೀನಿಲ್ಲದ ತೊಟ್ಟಿಯ ದೀಪ ಆರಿಸಿ, ಸ್ನಾನಕ್ಕೆ ಹೋದರು.

ಬಟ್ಟೆ ನೆನೆಹಾಕುವಾಗ ಅವರ ಅಂಗಿಯ ಜೇಬು ಅಂಟಂಟಾಗಿತ್ತು. ಪೇಪರ್ ಸಮೇತ ಕರಗಿದ ಬೆಲ್ಲ, ಸುತ್ತ ಇರುವೆ. ಅತ್ತೆ ಹಿತ್ತಲಿಗೆ ಬರುವಷ್ಟರಲ್ಲಿ ಬಿಸಿನೀರು ಹಾಕಿ, ಆ ಒಂದು ಅಂಗಿಯನ್ನು ಮೊದಲು ಒಗೆದು ಹರವಿದೆ.