ಒಂದು ಹುದ್ದೆಗೆ ಎರಡು ಅರ್ಜಿ

ನೋಟೀಸು ಅಂಟಿಸಿದ್ದು ರೇಷನ್ ಅಂಗಡಿಯ ಗೋಡೆಗೆ. ನನ್ನ ತಲೆಯಲ್ಲಿ ಹಾಗೇ ಇದೆ: ಸುಣ್ಣ ಉದುರಿದ ಗೋಡೆ, ಕೆಳಗೆ ಸೀಮೆಎಣ್ಣೆಯ ಕಲೆ, ಅದರ ಮೇಲೆ ಎರಡು ಕಾಗದ. ಅಕ್ಕನನ್ನು ಕೇಳಿದರೆ, ಅಲ್ಲ, ಮಣಿಯಗಾರರ, ಅಂದರೆ ಗ್ರಾಮಾಧಿಕಾರಿಯ, ಆಫೀಸಿನ ಬಾಗಿಲಿಗೆ ಅನ್ನುತ್ತಾಳೆ. ಇರಬಹುದು. ಆದರೆ ನನ್ನ ಗೋಡೆಯನ್ನು ನಾನು ಸುಲಭವಾಗಿ ಬಿಟ್ಟುಕೊಡಲಾರೆ. ಗೋಡೆಯೇ ತಪ್ಪಾದರೆ ಮುಂದಿನದ್ದೂ ತಪ್ಪಿರಬಹುದು, ಮುಂದಿನದ್ದರಲ್ಲಿ ನನಗೆ ಬೇಕಾದದ್ದು ಒಂದಿದೆ.

ನಮ್ಮ ಊರು ತಮಿಳುನಾಡಿನ ಕಡಯಂಪಟ್ಟಿಯಿಂದ ಅರ್ಧ ಗಂಟೆಯ ಬಸ್ ದಾರಿ. ಮನೆಯಲ್ಲಿ ಕನ್ನಡ, ಗೋಡೆಯ ಮೇಲೆ ತಮಿಳು. ಮನೆಯಲ್ಲಿ ಹನ್ನೆರಡನೆಯ ತರಗತಿಯವರೆಗೆ ಓದಿದವನು ನಾನೊಬ್ಬನೇ. ಹಾಗಾಗಿ ಯಾವ ನೋಟೀಸು ಬಂದರೂ ತಮಿಳಿನಲ್ಲಿ ಕಣ್ಣಾಡಿಸಿ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಅವತ್ತು ಅವ್ವ, ಅಕ್ಕ ಇಬ್ಬರೂ ಅಕ್ಕಿ ಚೀಲ ಹಿಡಿದು ನಿಂತಿದ್ದರು.

"ಏನಂತೆ ಲಾ ಅದು?" ಅವ್ವ ಕೇಳಿದಳು.

"ಮಿಲ್ಟ್ರಿಯಾಗೆ ಇದ್ದು ಬಂದೋರು ಮನೆ ವರಿ ಕಟ್ಟಂಗಿಲ್ವಂತೆ. ಸರ್ಟಿಫಿಕೇಟ್ ಕೊಟ್ರೆ ಬುಟ್ಬುಡ್ತಾರಂತೆ."

"ಕುರಿ ಇಂದೆ ಓಗಿ ಬಂದೋರ್ಗೆ?"

"ಅದ ಏಳಿಲ್ಲ ಅವ್ವ."

"ಏಳದಿಲ್ಲ ಬುಡು. ಇನ್ನೊಂದು?"

ಇನ್ನೊಂದು ತಲಯಾರಿ ಕೆಲಸದ್ದು. ಸರ್ಕಾರದ ಭಾಷೆಯಲ್ಲಿ ಗ್ರಾಮ ಸಹಾಯಕ. ಮಣಿಯಗಾರರ ಜೊತೆಗಿದ್ದು ಊರು ಸುತ್ತುವುದು, ಕಾಗದ ತಲುಪಿಸುವುದು, ನೋಟೀಸು ಅಂಟಿಸುವುದು. ಹುದ್ದೆ ಒಂದೇ ಒಂದು. ಐದನೆಯ ತರಗತಿ ಪಾಸಾಗಿರಬೇಕು, ತಮಿಳು ಓದಿ ಬರೆಯಲು ಬರಬೇಕು, ಸೈಕಲ್ ತುಳಿಯಲು ಬರಬೇಕು, ವಯಸ್ಸು ಮಿತಿಯೊಳಗಿರಬೇಕು, ಅದೇ ಊರಿನಲ್ಲಿ ಕಾಯಂ ವಾಸವಿರಬೇಕು.

"ಕೊನೆಗೆ ಓದಿದ್ದು ಇನ್ನೊಂದ್ ಸಲ ಏಳು," ಅಂದಳು ಅಕ್ಕ.

"ಈ ಊರಲ್ಲೇ ಇರ್ಬೇಕು. ಬ್ಯಾರೆ ಕಡೆ ಓಗಂಗಿಲ್ಲ."

"ಸರ್ಕಾರನೇ ಏಳ್ತದಾ ಅಂಗಂತ?"

ಎಲ್ಲರಿಗೂ ಅದು ಕಟ್ಟುಪಾಡು. ಅವಳಿಗೆ ಅದೇ ಸಂಬಳ. ಬಾವನ ಮಂದೆ ಕೊಯ್ಲು ಮುಗಿದ ಮೇಲೆ ಊರು ಬಿಡುತ್ತದೆ. ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಸುತ್ತ ಬಲೆ ಕಟ್ಟಿ ಕುರಿ ತರುಬಬೇಕು, ನಾಲ್ಕು ದಿನಕ್ಕೆ ಬಲೆ ಕಿತ್ತು ಮುಂದಿನ ಹೊಲ, ಕೆಲವು ವರ್ಷ ಕೊಳತ್ತೂರಿನ ಆಚೆಯವರೆಗೂ. ಪಾತ್ರೆ, ಬಲೆ, ಹುಟ್ಟಿ ಎರಡು ದಿನವಾದ ಮರಿ, ಎಲ್ಲ ತಲೆಯ ಮೇಲೋ ಕಂಕುಳಲ್ಲೋ. ಆರು ವರ್ಷದವಳಿದ್ದಾಗಿನಿಂದ ಅವಳು ಮಾಡಿದ್ದು ಇದೇ, ಮೊದಲು ಅಪ್ಪನ ಮಂದೆಯ ಹಿಂದೆ, ಆಮೇಲೆ ಗಂಡನ ಮಂದೆಯ ಹಿಂದೆ. ಒಂದು ಒಲೆಯಲ್ಲಿ ಹನ್ನೆರಡು ತಿಂಗಳು ಬೆಂಕಿ ಹಚ್ಚಬೇಕು ಅನ್ನುವುದು ಅವಳ ಆಸೆ. ಇದನ್ನು ಅವಳು ಅವತ್ತು ಹೇಳಿದಳೋ, ನಾನು ಆಮೇಲೆ ಸೇರಿಸಿದೆನೋ, ಗೊತ್ತಿಲ್ಲ. ಒಲೆಯ ಮಾತು ಸ್ವಲ್ಪ ಹೆಚ್ಚೇ ಚಂದವಾಗಿದೆ. ಅವಳು ಬರೀ "ನಾ ಅರ್ಜಿ ಆಕ್ತೀನಿ" ಅಂದಿರಬಹುದು.

ವಯಸ್ಸಿನ ಮಾತು ಬಂತು. ನಿಜವಾದ ಲೆಕ್ಕದಲ್ಲಿ ಅಕ್ಕ ಮಿತಿ ದಾಟಿ ಎರಡು ವರ್ಷವಾಗಿತ್ತು. ಕಾಗದದ ಮೇಲೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಕಾರಣ ಇಷ್ಟೇ: ಮರಿ ಕಾಯಲು ಯಾರೂ ಇಲ್ಲವೆಂದು ಅಪ್ಪ ಅವಳನ್ನು ಸ್ಕೂಲಿಗೆ ಕಳಿಸದೆ ಇಟ್ಟುಕೊಂಡಿದ್ದ. ನನಗೆ ವಯಸ್ಸಾದಾಗ ಇಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋಗಿ ಒಂದನೆಯ ತರಗತಿಗೆ ಸೇರಿಸಿದ. ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರು. ಅಪ್ಪ ಆ ವರ್ಷ ಯಾವ ಹೊಲದಲ್ಲಿ ಮಂದೆ ಇತ್ತು ಅಂತ ಹೇಳತೊಡಗಿದ. ಮೇಷ್ಟ್ರು ಸ್ವಲ್ಪ ಹೊತ್ತು ಕೇಳಿ, ನನಗೊಂದು ತಾರೀಖು ಬರೆದು, ಅದನ್ನೇ ಅವಳಿಗೂ ಬರೆದರು. ಮೂರು ವರ್ಷ ದೊಡ್ಡವಳಾದ ಅಕ್ಕ ಕಾಗದದ ಮೇಲೆ ನನ್ನ ಜೊತೆಗೇ ಹುಟ್ಟಿದಳು. ಐದನೆಯದು ಪಾಸು ಮಾಡಿ ಮತ್ತೆ ಮಂದೆಯ ಹಿಂದೆ ಹೋದಳು. ಅಲ್ಲಿಯವರೆಗೆ ಅದರಿಂದ ಯಾರಿಗೂ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ.

ಅವಳು ಸೈಕಲ್ ಕಲಿತದ್ದು ಮಗಳ ಸ್ಕೂಲ್ ಸೈಕಲ್ಲಿನ ಮೇಲೆ. ಅದೂ ಸರ್ಕಾರ ಕೊಟ್ಟಿದ್ದೇ. ಊರು ಮಲಗಿರುವ ಮಧ್ಯಾಹ್ನದ ಹೊತ್ತು, ಒಣಗಿದ ಕೆರೆಯ ಅಂಗಳ. ಸೀರೆ ಎತ್ತಿ ಸಿಕ್ಕಿಸಿಕೊಂಡು ಅವಳು ಪೆಡಲ್ ತುಳಿಯುತ್ತಿದ್ದಳು, ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. ಕ್ಯಾರಿಯರಿನ ಕಾದ ಕಬ್ಬಿಣ ಅಂಗೈಗೆ ತಾಕಿದ್ದು ಈಗಲೂ ನೆನಪಿದೆ. ಆದರೆ ಅವಳ ಮಗಳು ಹಿಡಿದದ್ದು ತಾನು ಅನ್ನುತ್ತಾಳೆ. ಅವ್ವನ ಪ್ರಕಾರ ಯಾರೂ ಹಿಡಿದಿರಲಿಲ್ಲ.

"ಇಡ್ಕೊಂಡಿದ್ರೆ ಜಾಲಿ ಮುಳ್ಳಿಗೆ ಯಾಕ್ಲಾ ಬೀಳ್ತಿದ್ಲು? ಮುಳ್ಳು ಕಿತ್ತೋಳು ನಾನು."

ಧರ್ಮಪುರಿಯಲ್ಲಿ ಕೆಲಸಕ್ಕಿದ್ದ ನಾನು ವಾರಕ್ಕೊಂದೇ ದಿನ ಊರಿಗೆ ಬರುತ್ತಿದ್ದೆ. ಅಷ್ಟು ಓಡಿದ್ದು ಯಾವಾಗ? ಅಂಗೈ ಸುಟ್ಟಿದ್ದು ಬೇರೆ ಯಾವುದರಿಂದಲೋ.

ಓದುವುದನ್ನು ಅವಳು ಗೋಡೆಯಿಂದಲೇ ಅಭ್ಯಾಸ ಮಾಡಿದಳು. ಮನೆ ತೆರಿಗೆ ವಿನಾಯಿತಿಯ ಆ ನೋಟೀಸನ್ನು ಎಷ್ಟು ಸಲ ಓದಿದಳೆಂದರೆ, ರೊಟ್ಟಿ ತಟ್ಟುವಾಗ "ಮೇಲೆ ಹೇಳಿದ ಸಲುಕೆಯನ್ನು ಪಡೆಯಬಯಸುವವರು" ಎಂದು ತಮಿಳಿನಲ್ಲಿ ಗೊಣಗುತ್ತಿದ್ದಳು. ಸಲುಕೆ ಅಂದರೆ ರಿಯಾಯಿತಿ. ಅವ್ವ ಹೊರಗಿನಿಂದ, "ಮೊದ್ಲು ರೊಟ್ಟಿ ಸಲುಕೆ ಕೊಡು, ಅಸಿವಾಗ್ತೈತೆ" ಅನ್ನುತ್ತಿದ್ದಳು.

ಈಗ ನನ್ನದು.

ನಾನು ಆಗ ಧರ್ಮಪುರಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೆ. ಅಕ್ಕನ ಅರ್ಜಿಯ ಫಾರಂ ಪ್ರತಿ ತೆಗೆದು, ತುಂಬಿಸಿ, ದಾಖಲೆ ಜೋಡಿಸುವ ಹೊಣೆ ನನ್ನದೇ. ಯಂತ್ರ ತಪ್ಪಿ ಎರಡು ಪ್ರತಿ ಹೊರಹಾಕಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಯಂತ್ರಕ್ಕೆ ಎರಡು ಅಂತ ಒತ್ತಿದವನು ನಾನು.

ಯಾಕೆ ಅಂದರೆ, ಇಡೀ ದಿನ ಆ ಯಂತ್ರದ ಮುಂದೆ ನಿಂತು ಬೇರೆಯವರ ಕೆಲಸದ ಆರ್ಡರು, ಬೇರೆಯವರ ಸರ್ಟಿಫಿಕೇಟು ಮಗುಚಿ ಹಾಕುತ್ತಿದ್ದೆ. ಮುಚ್ಚಳದ ಕೆಳಗೆ ಬೆಳಕು ಹೋಗಿ ಬರುವುದನ್ನು ನೋಡುತ್ತಿದ್ದೆ. ಒಂದಾದರೂ ಕಾಗದದಲ್ಲಿ ನನ್ನ ಹೆಸರು ಬರಲಿ ಅನ್ನಿಸಿತ್ತು. ಅಕ್ಕನಿಗೆ ಹೇಗಿದ್ದರೂ ಸಿಗುವುದಿಲ್ಲ, ನನಗಾದರೂ ಸಿಗಲಿ, ಮನೆಗೇ ಬಂತಲ್ಲ ಎಂಬ ಸಮಜಾಯಿಷಿಯೂ ಇತ್ತು. ಸಮಜಾಯಿಷಿ ಮೊದಲು ಬಂತೋ, ಬೆರಳು ಮೊದಲು ಒತ್ತಿತೋ ಕೇಳಬೇಡಿ. ಒಂದೇ ಪೆನ್ನಿನಲ್ಲಿ ಎರಡೂ ಅರ್ಜಿ ತುಂಬಿಸಿದೆ. ಅಪ್ಪನ ಹೆಸರು ಅದೇ. ಊರು ಅದೇ. ಹುಟ್ಟಿದ ತಾರೀಖಿನ ಖಾನೆ ಬಂದಾಗ ಪೆನ್ನು ನಿಲ್ಲಲಿಲ್ಲ. ನಿಲ್ಲಬೇಕಿತ್ತು.

ಅಕ್ಕನಿಗೆ ಹೇಳಲಿಲ್ಲ.

ಪರೀಕ್ಷೆಯ ದಿನ ಒಂದೇ ಬಸ್ಸಿನಲ್ಲಿ ತಾಲ್ಲೂಕು ಕಚೇರಿಗೆ ಹೋದೆವು. ನಾನು ಅವಳಿಗೆ ಜೊತೆಗಾಗಿ ರಜೆ ಹಾಕಿ ಬಂದಿದ್ದೇನೆ ಎಂದುಕೊಂಡಿದ್ದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗಿನ ಬೋರ್ಡು ಓದಿಸುತ್ತ ಬಂದೆ. ಅಂಗಳದಲ್ಲಿ ಬೇವಿನ ಮರ, ಅದರ ಕೆಳಗೆ ಸೀಮೆಸುಣ್ಣದಲ್ಲಿ ಎಳೆದ ಗೆರೆ, ಗೆರೆಯ ತುದಿಯಲ್ಲಿ ಯಾರದೋ ಹಳೆಯ ಸೈಕಲ್ಲು. ಇಪ್ಪತ್ತು ಮೂವತ್ತು ಜನ. ಇಸ್ತ್ರಿ ಹಾಕಿದ ಅಂಗಿಯ ಹುಡುಗರು ಅಕ್ಕನನ್ನು ನೋಡಿ ನಗುತ್ತಿದ್ದರು.

"ಅಕ್ಕಾ, ನೀರು ಕುಡಿ," ಅಂತ ನಾನು ಒಂದೆರಡು ಸಲ ಜೋರಾಗಿಯೇ ಕೂಗಿದ್ದೆ.

ಒಳಗೆ ಅಕ್ಕನನ್ನು ಕರೆದರು. ಅವಳು ಎದ್ದಳು. ಕೂಡಲೇ ಮುಂದಿನ ನಂಬರು, ನನ್ನ ಹೆಸರು. ಒಂದೇ ದಿನ ಒಟ್ಟಿಗೆ ಕೊಟ್ಟ ಅರ್ಜಿಗಳಿಗೆ ಒಂದರ ಮುಂದೊಂದು ನಂಬರು ಬಿದ್ದಿತ್ತು. ಅಕ್ಕ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಅವಳ ಮುಖ ಹೇಗಿತ್ತು ಎಂದು ಬರೆಯಲು ಈ ಏಳೆಂಟು ವರ್ಷದಲ್ಲಿ ಎಷ್ಟೋ ಸಲ ಕೂತಿದ್ದೇನೆ. ಮುಖ ಬರುವುದಿಲ್ಲ. ಚಪ್ಪಲಿ ಬರುತ್ತದೆ: ಎಡಗಾಲಿನ ಹೊಸ ಚಪ್ಪಲಿ, ಹೆಬ್ಬೆರಳಿನ ಬಳಿ ಅಂಟಿಕೊಂಡ ಅಂಗಡಿಯ ಚೀಟಿ.

ಮೇಜಿನ ಹಿಂದೆ ಒಬ್ಬ ಅಧಿಕಾರಿಣಿ. ನಮ್ಮ ಎರಡೂ ಅರ್ಜಿಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಪ್ಪನ ಹೆಸರಿನ ಮೇಲೆ ಬೆರಳು, ಆಮೇಲೆ ತಾರೀಖಿನ ಮೇಲೆ.

"ಇರಟ್ಟೈಯಾಮ್ಮಾ?" ಅವಳಿಗಳೇನಮ್ಮ ಎಂದು ಅವರು ಕೇಳಿದರು.

ನನಗೆ ಆಗ ಹೊಳೆಯಿತು. ಅವಳ ಅರ್ಜಿ ಒಂದೇ ಇದ್ದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಆ ತಾರೀಖನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಪಕ್ಕದಲ್ಲಿ ನನ್ನದನ್ನು ತಂದಿಟ್ಟವನು ನಾನು. ಅಂಗಳದಲ್ಲೆಲ್ಲ ಅಕ್ಕಾ ಅಕ್ಕಾ ಎಂದು ಕೂಗಿದವನೂ ನಾನೇ. ಇಲ್ಲ ಅಂದರೆ ಅವಳ ನಿಜವಾದ ವಯಸ್ಸು ಕೇಳುತ್ತಾರೆ.

"ಆಮಾ ಮೇಡಂ," ಹೌದೆಂದಳು ಅಕ್ಕ. ಆಮೇಲೆ ತಮಿಳಿನಲ್ಲೇ, ಸ್ವಲ್ಪವೂ ತಡವರಿಸದೆ, ತಾನು ಅರ್ಧ ಗಂಟೆ ಮುಂಚೆ ಹುಟ್ಟಿದವಳು, ಅದಕ್ಕೇ ಇವನು ಅಕ್ಕ ಅನ್ನುವುದು ಅಂದಳು.

ಅರ್ಧ ಗಂಟೆಗೆ ಇಷ್ಟು ಮರ್ಯಾದೆಯಾ ಎಂದು ಅವರು ನಕ್ಕರು. ಒಂದೇ ಕೆಲಸಕ್ಕೆ ಇಬ್ಬರೂ ಯಾಕೆ ಎಂದರು.

"ಯಾರಿಗೆ ಬಂದರೂ ನಮ್ಮ ಮನೆಗೇ ಅಲ್ಲವಾ ಮೇಡಂ." ನಾನು ನನಗೆ ಹೇಳಿಕೊಂಡಿದ್ದ ಸಮಜಾಯಿಷಿಯನ್ನೇ ಅವಳು ಹೇಳಿದ್ದಳು. ಅವಳ ಬಾಯಲ್ಲಿ ಅದು ನಿಜವಿದ್ದಂತೆ ಕೇಳಿತು.

ಓದಲು ಪತ್ರಿಕೆಯ ತುಂಡೊಂದು ಕೊಟ್ಟರು. ಯಾವುದೋ ಸೇತುವೆಯ ಸುದ್ದಿ. ಅಕ್ಕ ಅದನ್ನೂ ನೋಟೀಸಿನ ಧಾಟಿಯಲ್ಲೇ ಓದಿದಳು, ಸೇತುವೆ ಕಟ್ಟಿದ್ದು ಸಾರ್ವಜನಿಕರಿಗೆ ಎಚ್ಚರಿಕೆ ಎಂಬಂತೆ. ಆದರೆ ಒಂದಕ್ಷರವೂ ತಪ್ಪಲಿಲ್ಲ. ಬರೆಯಲು ಹೇಳಿದ ನಾಲ್ಕು ಸಾಲನ್ನೂ ಬರೆದಳು. ನಾನೂ ಓದಿದೆ, ಬರೆದೆ. ನನಗೆ ಅದು ಕಷ್ಟವೇ ಅಲ್ಲ.

ಆಮೇಲೆ ಅಂಗಳ, ಸೈಕಲ್ಲು. ಬೇವಿನ ಮರವನ್ನು ಒಂದು ಸುತ್ತು ಹಾಕಿ, ಕಾಲು ಊರದೆ ಗೆರೆಗೆ ವಾಪಸ್ ಬರಬೇಕು. ಅಕ್ಕ ಹತ್ತಿದಳು. ಹ್ಯಾಂಡಲ್ ಹಾವಿನಂತೆ ಆಡಿತು. ಇಸ್ತ್ರಿ ಅಂಗಿಯವರು ಶಿಳ್ಳೆ ಹೊಡೆದರು. ಮರದ ಹಿಂದೆ ಮರೆಯಾಗಿ, ಆ ಕಡೆಯಿಂದ ಬಂದಳು. ಕುರಿ ಹೊಡೆಯುವಾಗಿನ ಅದೇ "ಟ್ರ್ರ್ ಹೇ" ಬಾಯಲ್ಲಿತ್ತು, ಜನ ದಾರಿ ಬಿಟ್ಟರು.

ಮುಂದಿನವನು ನಾನು.

ಇಪ್ಪತ್ತು ವರ್ಷದಿಂದ ಸೈಕಲ್ ತುಳಿಯುತ್ತಿದ್ದ ನಾನು ಮರದ ಹತ್ತಿರ ಬಿದ್ದೆ.

ನನಗೆ ಬೇಕಾದದ್ದು ಇದೇ. ಬೇಕೆಂದೇ ಬಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಬೀಳುವ ಮುಂಚಿನ ನಿರ್ಧಾರವೂ ನೆನಪಿದೆ, ಬ್ರೇಕಿನ ಮೇಲಿನ ಬೆರಳೂ ನೆನಪಿದೆ. ಆದರೆ ಆ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ ಎಂಬುದೂ ನೆನಪಿದೆ, ಯಾಕೆಂದರೆ ಎಲ್ಲರೂ ಅದನ್ನೇ ಬೈಯುತ್ತಿದ್ದರು. ಮರದ ಕೆಳಗೆ ಮರಳಿತ್ತು. ಅಕ್ಕ ನೋಡುತ್ತಿದ್ದಳು. ತ್ಯಾಗವೋ, ಮರಳೋ? ಮರಳು ಅನ್ನುವುದು ನ್ಯಾಯ. ಅಷ್ಟು ಸುಲಭವಾಗಿ ನಾನು ಒಳ್ಳೆಯವನಾಗಿರಲಾರೆ.

ವಾಪಸ್ ಬಸ್ಸಿನಲ್ಲಿ ಅಕ್ಕ ಟಿಕೆಟ್ಟಿನ ಮೇಲಿನ ಅಕ್ಷರ ಓದಿದಳು. ಆಮೇಲೆ ಅಂದಳು: "ಅರ್ಧ ಗಂಟೆ ಅಲ್ಲ ಲಾ. ಮೂರು ವರ್ಸ. ನಡಿಯಾಕ್ ಬರೋ ತಂಕ ನಿನ್ನ ಸೊಂಟದ ಮ್ಯಾಲೆ ಒತ್ಕೊಂಡ್ ತಿರುಗಿವ್ನಿ. ಇನ್ನೊಂದ್ ಕಡೆ ಮರಿ."

ಮೊಣಕೈಯಲ್ಲಿ ತರಚಿದ್ದ ಗಾಯಕ್ಕೆ ಸೆರಗಿನಿಂದ ಮಣ್ಣು ಒರೆಸಿದಳು. ಗಟ್ಟಿಯಾಗಿಯೇ ಒರೆಸಿದಳು.

ಆರ್ಡರು ಅವಳಿಗೇ ಬಂತು. ಆ ವರ್ಷ ಕೊಯ್ಲು ಮುಗಿದ ಮೇಲೆ ಬಾವ ಮಂದೆ ಹೊಡೆದುಕೊಂಡು ಹೊರಟಾಗ ಅವಳು ಹೊಸಲಿನಲ್ಲಿ ನಿಂತು, ಬಲೆ ತಗೊಂಡ್ಯಾ, ಉಪ್ಪು ತಗೊಂಡ್ಯಾ ಎಂದು ಕೂಗಿದಳು. ಹೊಸಲು ದಾಟಲಿಲ್ಲ. ನಾನು ಈಗಲೂ ಅದೇ ಜೆರಾಕ್ಸ್ ಯಂತ್ರದ ಮುಂದಿದ್ದೇನೆ. ಕನ್ನಡ ಅಕ್ಷರ ಕಲಿತದ್ದೂ ಅಲ್ಲಿಯೇ, ಬೆಂಗಳೂರು ಕಡೆಯಿಂದ ಬಂದು ನಿಲ್ಲುವ ಬಸ್ಸುಗಳ ಬೋರ್ಡು ನೋಡಿ ನೋಡಿ. ಅಕ್ಕನ ಮಾತು ಕನ್ನಡ, ಆದರೆ ಈ ಲಿಪಿ ಅವಳಿಗೆ ಬಾರದು. ಅವಳು ಹಾಯದ ಗೋಡೆಗೆ ನೋಟೀಸು ಅಂಟಿಸಿದ ಹಾಗೆ ನಾನು ಇದನ್ನು ಬರೆಯುತ್ತಿದ್ದೇನೆ. ಇದು ಧೈರ್ಯವಲ್ಲ, ಗೊತ್ತು.

ಹೋದ ವಾರ ಊರಿಗೆ ಹೋಗಿದ್ದೆ. ಅವಳು ರಾಗಿ ಹಿಟ್ಟಿನ ಅಂಟು ಕಾಯಿಸಿಕೊಂಡು, ಸೈಕಲ್ಲಿಗೆ ಡಬ್ಬ ನೇತುಹಾಕಿ, ಹೊಸ ಎರಡು ಕಾಗದ ಹಿಡಿದು ಹೊರಟಿದ್ದಳು. ಒಂದು ಯಾವುದೋ ತೆರಿಗೆ ವಿನಾಯಿತಿಯದ್ದು. ಇನ್ನೊಂದು ಪಕ್ಕದೂರಿಗೆ ತಲಯಾರಿ ಬೇಕೆಂದು. ನಾನೂ ಜೊತೆಗೆ ನಡೆದೆ. ರೇಷನ್ ಅಂಗಡಿಯ ಗೋಡೆಯ ಮುಂದೆ ನಿಂತಾಗ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅಕ್ಕ, ಅವತ್ತು ನಾನ್ಯಾಕೆ ಅರ್ಜಿ ಆಕಿದ್ದೆ ಅಂತ ನೀನು ಒಂದ್ ದಿನನೂ ಕೇಳಿಲ್ವಲ್ಲ."

ಅವಳು ಕಾಗದದ ಬೆನ್ನಿಗೆ ಅಂಟು ಬಳಿಯುತ್ತಿದ್ದಳು.

"ಕೇಳಿದ್ರೆ ನೀ ಏನಾರ ಏಳ್ತಿದ್ದೆ. ಆಮ್ಯಾಕೆ ನಾನು ಅದ್ನ ನಂಬ್ಬೇಕಾಗಿತ್ತು."

"ಮತ್ತೆ ನಾನು ಬಿದ್ದಿದ್ದು..."

"ಲೇ, ಗಾಳಿ ಬರ್ತೈತೆ," ಅಂದಳು. "ಕೆಳಗಡೆ ಇಡ್ಕೊ."

ನಾನು ಕೆಳಗಿನ ಎರಡು ಮೂಲೆಗಳನ್ನು ಹಿಡಿದು ನಿಂತೆ. ಅವಳು ಮೇಲಿನಿಂದ ಅಂಗೈಯಲ್ಲಿ ಒತ್ತುತ್ತ ಬಂದಳು.