ಇಸುಬಾಕನ ಹಗ್ಗ

ಊರಿನ ಗಂಡಸರ ಹೆಗಲಲ್ಲಿ ಬೈರಾಸು ಇದ್ದರೆ, ಇಸುಬಾಕನ ಹೆಗಲಲ್ಲಿ ತೆಂಗಿನ ನಾರಿನ ಹಗ್ಗ. ಮೇ ತಿಂಗಳ ಮೊದಲ ಗುಡುಗು ಕೇಳಿತೆಂದರೆ ಮರುದಿನ ಅವರು ನಮ್ಮ ಅಂಗಳದಲ್ಲಿ ಹಾಜರು. ನಮ್ಮದು ಸಂತೆಕಟ್ಟೆಯಿಂದ ಇಳಿದು ಹೊಳೆ ದಾಟಿದರೆ ಸಿಗುವ ಕುದ್ರು. ಸುತ್ತ ನೀರು, ನಡುವೆ ಕೆಲವೇ ಮನೆ. ಆಚೆ ದಡದಲ್ಲಿ ಅವರ ಗೂಡಂಗಡಿ. ಮಳೆಗಾಲಕ್ಕೆ ಮೊದಲು ಕುದ್ರಿನ ಪ್ರತಿ ಮನೆಯ ದೋಣಿಯನ್ನೂ ಕಟ್ಟಿಕೊಡುವವರು ಅವರೇ. ಯಾರೂ ನೇಮಿಸಿದ್ದಲ್ಲ.

"ಅಕ್ಕಿ ಅಟ್ಟಕ್ಕೆ, ಹಾಸಿಗೆ ಅಟ್ಟಕ್ಕೆ, ಕೋಳಿಗೂಡೂ ಅಟ್ಟಕ್ಕೆ. ಕ್ರಿಸ್ತಾನ ಪೊರ್ಬುಗಳ ವೈನಿನ ಭರಣಿ ಮಾತ್ರ ಮುಸಲ್ಮಾನ ನಾನು ಮುಟ್ಟುವುದಿಲ್ಲ ಬಾಯಮ್ಮ, ಅದನ್ನು ನೀವೇ ಹೊತ್ತುಕೊಳ್ಳಿ!" ಎಂದು ಮನೆಮನೆಯ ಹೆಂಗಸರಿಗೂ ಹೇಳುತ್ತಿದ್ದರು.

ನಾನಾಗ ಶಿರ್ವದಿಂದ ಮದುವೆಯಾಗಿ ಬಂದ ಹೊಸ ಸೊಸೆ. ಗಂಡ ಬಹ್ರೇನಿನಲ್ಲಿ. ಮನೆಯಲ್ಲಿ ನಾನು, ಸೊಂಟ ಮುರಿದು ಮಲಗಿದ್ದ ಅತ್ತೆ, ಇಬ್ಬರೇ. ಅಂಗಳದ ತೆಂಗಿನಮರಕ್ಕೆ ದೋಣಿ ಕಟ್ಟಿ, ಇಸುಬಾಕ ಹಗ್ಗವನ್ನು ಹತ್ತು ಮೊಳ ಸುಮ್ಮನೆ ಕೆಸರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ ಅದು ತೀರಾ ಅನ್‌ಟೈಡಿ ಕಂಡಿತು. ಆ ವರ್ಷ ಅವರು ಹೋದ ಮೇಲೆ ಹಗ್ಗವನ್ನೆಲ್ಲ ಮರದ ಬುಡಕ್ಕೆ ನೀಟಾಗಿ ಸುತ್ತಿ, ಬಿಗಿದು, ಗಂಟು ಹಾಕಿದೆ.

ಜುಲೈಯಲ್ಲಿ ಮೂರು ದಿನ ಮಳೆ ಬಿಡಲೇ ಇಲ್ಲ. ನಾಲ್ಕನೆಯ ಬೆಳಿಗ್ಗೆ ಬಾಗಿಲು ತೆಗೆದರೆ ನೀರು ಮೆಟ್ಟಿಲಿಗೆ ಬಂದಿತ್ತು. ದೋಣಿ ಮೇಲೇಳಲಿಕ್ಕೆ ಸಡಿಲ ಹಗ್ಗವೇ ಇಲ್ಲ, ಎಲ್ಲ ನಾನು ಬುಡಕ್ಕೆ ಬಿಗಿದಿದ್ದೆ. ಮೂತಿಯನ್ನು ಮರ ಹಿಡಿದುಕೊಂಡಿದೆ, ಒಳಗೆಲ್ಲ ನೀರು ತುಂಬಿ ಮುಳುಗಿದೆ. ಒಳಗೆ ಅತ್ತೆ ಜಪಸರ ಹಿಡಿದು "ದೋಣಿ ತಂದೆಯಾ? ದೋಣಿ ತಂದೆಯಾ?" ಎಂದು ಕೂಗುತ್ತಿದ್ದರು.

ಇಸುಬಾಕ ಆಚೆ ದಡದಿಂದ ಇನ್ನೊಂದು ದೋಣಿ ಹುಟ್ಟು ಹಾಕಿಕೊಂಡು ಬಂದರು. ಮರದ ಕಡೆ ಒಮ್ಮೆ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಬದಿ ಅವರು, ಒಂದು ಬದಿ ನಾನು ಎತ್ತಿ ದೋಣಿಗೆ ಹತ್ತಿಸಿದೆವು. ಅರ್ಧ ಹೊಳೆಯಲ್ಲಿ ಅತ್ತೆಯ ಬಾಯಿ ಶುರುವಾಯಿತು: "ಎಂತ ಮಾರಾಯ ಇಸುಬು, ಇಷ್ಟು ವರ್ಷ ಆಗಿ ಒಂದು ಹಗ್ಗ ಕಟ್ಟಲಿಕ್ಕೆ ಬರುವುದಿಲ್ಲವಾ ನಿನಗೆ? ನಾನು ಸಾಯುತ್ತಿದ್ದೆ!"

"ಪ್ರಾಯ ಆಯಿತಲ್ಲ ಬಾಯಮ್ಮ, ಕೈ ತಪ್ಪಿತು" ಎಂದರು ಇಸುಬಾಕ, ಹುಟ್ಟು ನಿಲ್ಲಿಸದೆ.

ನಾನು ನೀರು ನೋಡುತ್ತಾ ಕುಳಿತೆ. ಬಾಯಿ ತೆರೆಯಲಿಲ್ಲ. ಹೊಸ ಸೊಸೆ, ಹೆದರಿಕೆ ಎಂದು ಆಮೇಲೆ ನನಗೆ ನಾನೇ ಎಕ್ಸ್‌ಕ್ಯೂಸ್ ಕೊಟ್ಟುಕೊಂಡೆ.

ಅತ್ತೆ ಅದನ್ನು ತನ್ನನ್ನು ನೋಡಲು ಬಂದವರ ಬಾಯಿಂದ ಚರ್ಚಿನ ಅಂಗಳದಲ್ಲೂ ಹೇಳಿಸಿದರು. ಮುಂದಿನ ಮೇ ತಿಂಗಳಲ್ಲಿ ಗುಡುಗು ಬಂತು, ಇಸುಬಾಕನನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದರೂ ಬರುತ್ತಿದ್ದವರು ಬರಲೂ ಇಲ್ಲ. ನಾಲ್ಕು ದಿನ ಕಾದೆ. ಐದನೆಯ ದಿನ ಅತ್ತೆಗೆ ಗಂಜಿ ಕುಡಿಸುತ್ತಾ, "ಮಾಂಯ್, ಆ ಗಂಟು ನನ್ನದು" ಎಂದೆ. ಅತ್ತೆ ಬಟ್ಟಲು ದೂರ ತಳ್ಳಿದರು. ಆಮೇಲೆ, "ಹೋಗಿ ಕರೆದುಕೊಂಡು ಬಾ" ಎಂದರು.

ಗೂಡಂಗಡಿಗೆ ಬೀಗ. ಕಾಪುವಿನಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಬಸ್ಸು ಹಿಡಿದು ಹೋದೆ. ಜಗಲಿಯಲ್ಲಿ ಆ ಸೆಕೆಯಲ್ಲೂ ಕಂಬಳಿ ಹೊದ್ದು, ಕಾಯಿಲೆಯಿಂದ ಬಡಕಲಾಗಿ ಕುಳಿತಿದ್ದರು, ಹೆಗಲು ಖಾಲಿ. ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡಿದ್ದ ಮಾತೆಲ್ಲ ಮರೆತು, "ಸಾರಿ ಇಸುಬಾಕ, ಎಲ್ಲರಿಗೂ ಹೇಳಿದ್ದೇನೆ" ಎಂದು ಅತ್ತುಬಿಟ್ಟೆ. ನಿಜವಾಗಿ ಹೇಳಿದ್ದು ಅತ್ತೆಗೆ ಮಾತ್ರ. ಉಳಿದವರಿಗೆ ಆ ಭಾನುವಾರ ಹೇಳಿದೆ.

"ಇಳಿದ ನೀರಿನ ಮಾತು ಯಾಕೆ?" ಎಂದರು. "ಈ ಸಲ ದೋಣಿ ಯಾರು ಕಟ್ಟಿದ್ದು?"

"ನಾನೇ."

"ಎಷ್ಟು ಬಿಟ್ಟಿದ್ದೀರಿ?"

"ಎಂಟು ಮೊಳ."

ಕಣ್ಣು ಮುಚ್ಚಿ ನಮ್ಮ ಅಂಗಳವನ್ನು ಅಳೆದರು. "ಇನ್ನೆರಡು ಮೊಳ ಬಿಡಿ ಬಾಯಮ್ಮ."

ಅವತ್ತು ಸಂಜೆ ಮನೆಗೆ ಬಂದು ಮೊದಲು ಹಗ್ಗ ಬಿಚ್ಚಿದೆ. ಆ ಮಳೆಗಾಲದಲ್ಲಿ ಹೊಳೆ ಎರಡು ಸಲ ಅಂಗಳಕ್ಕೆ ಬಂತು. ಎರಡು ಸಲವೂ ನಮ್ಮ ದೋಣಿ ನೀರಿನ ಜೊತೆ ಎದ್ದು, ನೀರಿನ ಜೊತೆ ಇಳಿಯಿತು. ಅದನ್ನು ಹೇಳಲಿಕ್ಕೆಂದು ಸೆಪ್ಟೆಂಬರಿನಲ್ಲಿ ಕಾಪುವಿಗೆ ಹೋದೆ. ಜಗಲಿಯಲ್ಲಿ ಕಂಬಳಿ ಮಾತ್ರ ಮಡಚಿ ಇಟ್ಟಿತ್ತು.