ಬಾಯಿಬಿಟ್ಟು ಹೇಳದ ಹೆಸರು

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರಿಗೆ ಕೈಕಾಲು ಬಂತು, ಮಾತೂ ಬಂತು. ಓದು ಮಾತ್ರ ಬರಲಿಲ್ಲ. ಅಕ್ಷರ ಕಾಣುತ್ತದೆ, ಪದ ಹತ್ತುವುದಿಲ್ಲ. ಪೇಪರ್ ಓದದೆ ಕಾಫಿ ಇಳಿಯದ ಮನುಷ್ಯ. "ಸಾಕು ಬಿಡ್ರಿ, ಟೀವಿ ನೋಡಿ" ಅಂದರೆ ಪೇಪರನ್ನೇ ಎಸೆಯುತ್ತಿದ್ದರು.

ಒಂದು ಬೆಳಿಗ್ಗೆ ತೋಟದ ಆಳು ಬಂದು ಕೊಬ್ಬರಿ ಒಡೆಸುವ ವಿಷಯ ಮಾತಾಡಿ ಹೋದ. ಆಮೇಲೆ ಇವರು ಪೇಪರ್ ಮೇಲೆ ಬೆರಳಿಟ್ಟು "ಕೊಬ್ಬರಿ" ಅಂದುಬಿಟ್ಟರು, ತಡವರಿಸದೆ! ಪಕ್ಕದಲ್ಲಿದ್ದ "ಚುನಾವಣೆ" ಬರಲಿಲ್ಲ. ಅರೆ, ಇದೇನಪ್ಪಾ ಅನ್ನಿಸಿತು. ಮರುದಿನ ಪೇಪರಿನಲ್ಲಿ ಕೆರೆಗಳ ಸುದ್ದಿಯಿತ್ತು. ಬೇಕೆಂದೇ ಬುಕ್ಕಾಂಬುಧಿ ಕೆರೆಯ ಮಾತು ತೆಗೆದೆ. ಆಮೇಲೆ ಕೊಟ್ಟರೆ "ಕೆರೆ" ಓದಿದರು. ನಾನು ಆಡದೇ ಇದ್ದ "ಮೀನು" ಕೂಡ ಓದಿದರು! ಒಂದು ಮಾತು ಕಿವಿಗೆ ಬಿದ್ದರೆ ಅದರ ನೆಂಟರಿಷ್ಟರೂ ತಲೆಯೊಳಗೆ ಎದ್ದು ಕೂರುತ್ತಾರೇನೋ. ನನಗೆ ಹುಚ್ಚೇ ಹಿಡಿಯಿತು. ದಿನಾ ಪೇಪರನ್ನು ಮೊದಲು ನಾನು ನೋಡಿಕೊಂಡು, ಕಾಫಿ ಸೋಸುತ್ತಾ ಅದೇ ವಿಷಯ ಎತ್ತುತ್ತಿದ್ದೆ.

"ಏನೇ ನಿಂದು, ಬೆಳಿಗ್ಗೆ ಬೆಳಿಗ್ಗೆನೇ ವಟವಟ" ಎಂದು ಬೈಯುತ್ತಲೇ ಓದುತ್ತಿದ್ದರು.

ಅಷ್ಟರಲ್ಲಿ ಹಿರೇನಲ್ಲೂರಿನಿಂದ ನಾದಿನಿಯ ಮಗಳ ಮದುವೆ ಪತ್ರಿಕೆ ಬಂತು. ಸೋದರಮಾವ ಎಂದು ಇವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದರು. ಮದುವೆಯ ಮಾತೆಲ್ಲ ಆಡಿಯೇ ಕೈಗೆ ಕೊಟ್ಟೆ. ಮುಹೂರ್ತ, ಛತ್ರ, ಸೋದರಮಾವ, ಎಲ್ಲ ಓದಿದರು. ಹೆಸರಿನ ಮೇಲೆ ಬೆರಳು ನಿಂತಿತು.

"ಇದ್ಯಾರೇ?"

ತಮ್ಮ ಹೆಸರನ್ನೇ ಗುರುತು ಹಿಡಿಯಲಿಲ್ಲವಲ್ಲ! ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವಾಗ ಹೊಳೆಯಿತು: ಈ ಮನೆಯಲ್ಲಿ ಆ ಹೆಸರನ್ನು ಆಡುವವರು ಯಾರು? ಮಕ್ಕಳಿಗೆ ಅಪ್ಪ, ಊರಿಗೆ ಯಜಮಾನರು. ಹೆಸರು ಹಿಡಿದು ಕೂಗುತ್ತಿದ್ದ ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ನಾನಂತೂ ಆಸ್ಪತ್ರೆಯಲ್ಲಿ ಕೇಳಿದಾಗಲೂ ಮಗನ ಕೈಲಿ ಹೇಳಿಸಿದವಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೆದರಿಸಿ ಕಳಿಸಿದ್ದಳು. ಆಯಸ್ಸಿದ್ದೂ ತಾನ್ಯಾರೆಂದು ಓದಲಾಗದಿದ್ದರೆ ಏನು ಬಂತು?

ಅಡುಗೆಮನೆ ಬಾಗಿಲಲ್ಲಿ ನಿಂತು ಹೆಸರು ಹೇಳಿಯೇಬಿಟ್ಟೆ.

ಇವರು ಹೌಹಾರಿದರು. "ಲೇ! ತಲೆಗಿಲೆ ಕೆಟ್ಟಿದ್ಯೇನೇ?"

"ಹೂಂ, ಕೆಟ್ಟಿದೆ. ಈಗ ಓದ್ರಿ."

ಪತ್ರಿಕೆ ನೋಡಿದರು. ಒಂದೇ ಉಸಿರಿಗೆ ಓದಿದರು. ಬೆರಳು ಅಲ್ಲೇ ಇತ್ತು, ಕಣ್ಣು ಮಾತ್ರ ನನ್ನ ಕಡೆಗೆ ತಿರುಗಿತು.

"ಇನ್ನೊಂದ್ಸಲ ಹೇಳೇ" ಅಂದರು.